ಯಾವ ಹೊತ್ತಿನಾಗ ಚೆಲ್ಲಿತ್ರಿ?

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಸುಂದರಾ ಒಂದು ಬಿಳಿ ಕಾರಿನ ಹಿಂದಿನ ಸೀಟಿಗೆ ಮೂಗು ಹಚ್ಚಿ ಕೂತಿದ್ದಳು. ಚಪ್ಪಲಿ ಹೊರಗೆ, ಮೊಣಕಾಲು ಕಾರಿನ ನೆಲಕ್ಕೆ, ಸೆರಗು ಸೊಂಟಕ್ಕೆ. ಕಾರಿನ ಒಡೆಯರು, ಅಕ್ಕೋಳದ ತಾತ್ಯಾಸಾಹೇಬರು, ತೆರೆದ ಬಾಗಿಲಿಗೆ ಕೈಯೂರಿ ಹೆದ್ದಾರಿಯ ಲಾರಿಗಳನ್ನು ನೋಡುತ್ತ ನಿಂತಿದ್ದರು. ಡಾಕ್ಟರು ಹೊಟ್ಟೆ ಅಮುಕಿ ನೋಡುವಾಗ ಮನುಷ್ಯ ಗೋಡೆಯ ಕ್ಯಾಲೆಂಡರ್ ನೋಡುವುದು ಹೀಗೆಯೇ.

“ಗಂಧೋದಕ ಅದು,” ಎಂದರು. ಯಾರೂ ಕೇಳಿರಲಿಲ್ಲ. “ಬಸ್ತಿಯಿಂದ ತರಾಕತ್ತಿದ್ದೆ. ತಂಬಿಗಿ ಉರುಳಿಬಿತ್ತು.”

ಗಂಧೋದಕವೆಂದರೆ ಬಸದಿಯಲ್ಲಿ ಜಿನಮೂರ್ತಿಗೆ ಅಭಿಷೇಕ ಮಾಡಿದ ನೀರು. ಭಕ್ತರು ಅದನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ಹಣೆಗೆ, ಕಣ್ಣಿಗೆ ಹಚ್ಚಿಕೊಳ್ಳುತ್ತಾರೆ. ಅದರಲ್ಲಿ ಚಂದನ ಇರಬಹುದು, ಕೇಸರಿ ಇರಬಹುದು, ಅರಿಶಿನವೂ ಇರಬಹುದು. ಈರುಳ್ಳಿ ಇರುವುದಿಲ್ಲ. ತಿಳಿ ಬೂದು ಬಟ್ಟೆಯ ಮೇಲೆ ಊಟದ ತಟ್ಟೆಯಷ್ಟು ಅಗಲ ಹರಡಿದ್ದ ಆ ಹಳದಿ ಕಲೆಯಿಂದ ಸುಂದರಾಳ ಮೂಗಿಗೆ ಬಂದದ್ದು ಈರುಳ್ಳಿ, ಬೆಳ್ಳುಳ್ಳಿ, ಒಣಕೊಬ್ಬರಿ ಮತ್ತು ಹುರಿದ ಮಸಾಲೆ. ಕಲೆಯ ಅಂಚಿಗೆ ಎಣ್ಣೆಯ ಗೆರೆ ಮೂಡಿತ್ತು. ಸೀಟಿನ ಸಂದಿಯಲ್ಲಿ ಒಂದು ಸೇವಿನ ಎಳೆ ಸಿಕ್ಕಿಕೊಂಡಿತ್ತು. ಮೊಳಕೆಕಾಳಿನ ಖಾರ ಸಾರಿಗೆ ಸೇವು ಉದುರಿಸಿದ ಮಿಸಳ ತಿಂದವರಿಗೆಲ್ಲ ಗೊತ್ತಿರುವ ಸಾಕ್ಷಿ. ಅವಳು ಆ ಎಳೆಯನ್ನು ಎರಡು ಬೆರಳಲ್ಲಿ ಎತ್ತಿ ಹೊರಗೆ ಒಗೆದಳು.

“ಹೋಗತೈತೇನ?” ತಾತ್ಯಾಸಾಹೇಬರು ಲಾರಿಗಳನ್ನೇ ಕೇಳಿದರು.

“ನೋಡೂಣ್ರಿ.”

ಸುಂದರಾಗೆ ನಲವತ್ತೆಂಟು ವರ್ಷ. ಹನ್ನೊಂದನೆಯ ವಯಸ್ಸಿಗೆ ನಿಪ್ಪಾಣಿಯಲ್ಲಿ ಬೀಡಿ ಸುತ್ತಲು ಕೂತವಳು ಎದ್ದದ್ದು ನಲವತ್ತಮೂರಕ್ಕೆ, ಎಲೆ ಕತ್ತರಿಸುವಾಗ ತಗಡಿನ ಅಳತೆಯ ಅಂಚು ಕಣ್ಣಿಗೆ ಮಸುಕಾದ ಮೇಲೆ. ಅಷ್ಟು ವರ್ಷ ತಂಬಾಕಿನ ಧೂಳು ಕುಡಿದ ಮೂಗಿಗೆ ಈಗ ತಂಬಾಕಿನ ವಾಸನೆ ತಿಳಿಯುವುದಿಲ್ಲ. ಉಳಿದದ್ದೆಲ್ಲ ತಿಳಿಯುತ್ತದೆ, ಬೇಕಾದ್ದಕ್ಕಿಂತ ಹೆಚ್ಚೇ ತಿಳಿಯುತ್ತದೆ. ದಿನಕ್ಕೆ ನಾಲ್ಕು ಸಲ ಹಲ್ಲಿಗೆ ಮಿಶ್ರಿ ತಿಕ್ಕುತ್ತಾಳೆ. ಸುಟ್ಟ ತಂಬಾಕಿನ ಆ ಕರಿ ಪುಡಿಯ ಗುರುತು ಅವಳ ಸೆರಗಿನ ತುದಿಯಲ್ಲೇ ಇದೆ. ಕೇಳಿದರೆ, “ಸೀರಿ ಬಣ್ಣಾನ ಹಂಗ ಐತಿ” ಎನ್ನುತ್ತಾಳೆ. ಊರವರ ಸೀಟು ಕಂಡು ನಗುವ ಹಕ್ಕು ಇದರಿಂದ ಕಡಿಮೆಯಾಯಿತೆಂದು ಅವಳಿಗೆ ಒಂದು ದಿನವೂ ಅನಿಸಿಲ್ಲ.

ಹೆದ್ದಾರಿಯ ಪಕ್ಕದ ಭಾವುಸಾಹೇಬನ ವಾಶಿಂಗ್ ಸೆಂಟರಿಗೆ ಅವಳು ಬಂದದ್ದು ಗಾಡಿ ಒರೆಸುವ ಚಿಂದಿ ಒಗೆಯಲು. ಆಗ ಸೀಟು ತೊಳೆಯುವುದೆಂದರೆ ಅಲ್ಲಿ ಪೈಪು ಹಿಡಿಯುವುದಾಗಿತ್ತು. ಅಥಣಿಯ ಒಬ್ಬ ದ್ರಾಕ್ಷಿ ವ್ಯಾಪಾರಿಯ ಕಾರಿನಲ್ಲಿ ಮಗು ವಾಂತಿ ಮಾಡಿಕೊಂಡಿತ್ತು. ಭಾವುಸಾಹೇಬ ಸ್ವತಃ ನಿಂತು ಎರಡು ಬಕೆಟ್ ಸಾಬೂನಿನ ನೀರು ಹೊಯ್ಯಿಸಿದ. ಬಟ್ಟೆ ಒಣಗಿತು, ಒಳಗಿನ ಸ್ಪಂಜು ಒಣಗಲಿಲ್ಲ. ನಾಲ್ಕನೆಯ ದಿನ ವ್ಯಾಪಾರಿ ಕಾರಿನ ನಾಲ್ಕೂ ಗಾಜು ಇಳಿಸಿಕೊಂಡು, ಮೂಗಿಗೆ ಟಾವೆಲ್ ಕಟ್ಟಿಕೊಂಡು ಅಥಣಿಯಿಂದ ಬಂದ. ಅವತ್ತು ಚಿಂದಿ ಹಿಂಡುತ್ತ ಕೂತಿದ್ದ ಸುಂದರಾ ಮೊದಲ ಸಲ ಬಾಯಿ ಬಿಟ್ಟಳು. “ಬೀಡಿ ಎಲಿ ನೆನಸೂದು ಗೊತ್ತೈತೇನ್ರಿ ಮಾಲಕ್ರ? ಹೆಚ್ಚು ನೆಂದರ ಕೊಳಿತೈತಿ, ಕಡಿಮಿ ನೆಂದರ ಒಡಿತೈತಿ. ಒದ್ದಿ ಅರಿವ್ಯಾಗ ಸುತ್ತಿಡಬೇಕು. ನೀವು ಸೀಟಿಗೆ ಜಳಕಾನ ಮಾಡಿಸೀರಿ.” ಆ ಸೀಟನ್ನು ಅವಳೇ ಸರಿ ಮಾಡಿಕೊಟ್ಟಳು. ಅಂದಿನಿಂದ ಐದು ವರ್ಷ ಸೀಟೆಲ್ಲ ಅವಳದು.

ಐದು ವರ್ಷಗಳಲ್ಲಿ ಅವಳಿಗೆ ಈ ಭಾಗದ ಜನ ಸೀಟಿನ ಕಡೆಯಿಂದ ಪರಿಚಯವಾಗಿದ್ದಾರೆ. ರಾಯಬಾಗದವರ ಗಾಡಿಯಲ್ಲಿ ಕಬ್ಬಿನ ಹಾಲು, ಅದಕ್ಕೆ ಅಂಟಿದ ಕರಿ ಮಣ್ಣು. ಕಾಗವಾಡದವರ ಗಾಡಿಯಲ್ಲಿ ಹಾಲು. ಅದನ್ನು ಮನೆಯಲ್ಲೇ ಬಿಸಿ ನೀರು ಹಾಕಿ ತಿಕ್ಕಿ, ಗಟ್ಟಿ ಮಾಡಿಕೊಂಡೇ ತರುತ್ತಾರೆ. ಚಿಕ್ಕೋಡಿಯ ವಕೀಲರ ಸೀಟಿನಲ್ಲಿ ಚಹಾ ಮತ್ತು ಶಾಯಿ, ಎರಡನ್ನೂ ಕಕ್ಷಿದಾರರ ಮೇಲೆ ಹಾಕುತ್ತಾರೆ. ಕೆಲವರು ಶೋರೂಮಿನ ಪ್ಲಾಸ್ಟಿಕ್ ಕವರನ್ನು ಎಂಟು ವರ್ಷ ತೆಗೆಯದೆ, ಅದರ ಅಡಿಯಲ್ಲಿ ಬೆವರು ಬೂಸ್ಟು ಹಿಡಿಸಿಕೊಂಡು ಬಂದು “ಗಾಡಿ ಹೊಸಾದು ಐತಿ” ಎನ್ನುತ್ತಾರೆ. ಪಂಚಾಯ್ತಿ ಚುನಾವಣೆಯ ಫಲಿತಾಂಶದ ಮರುದಿನ ಗೆದ್ದವರ ಗಾಡಿಗಳು ಗುಲಾಲು ಬಳಿದುಕೊಂಡು ಸಾಲಾಗಿ ನಿಂತಿದ್ದವು. ಸಾಲಿನಲ್ಲಿ ಸೋತವರ ಗಾಡಿಗಳೂ ಇದ್ದವು. ಅವರ ಸೀಟಿನಲ್ಲಿ ಒಂದು ಚಿಟಿಕೆ ಗುಲಾಲು ಇರಲಿಲ್ಲ. ತೊಳೆಸಲು ನಿಂತರೆ ಗೆದ್ದವರಂತೆ ಕಾಣಬಹುದೆಂದು ಬಂದಿದ್ದರು.

ಏನು ಚೆಲ್ಲಿತು ಎಂದು ಅವಳು ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಎಲ್ಲರೂ ಸುಳ್ಳು ಹೇಳುತ್ತಾರೆ. ದಾರೂ ಎಂಬುದು ಕೆಮ್ಮಿನ ಔಷಧವಾಗುತ್ತದೆ, ಗುಟ್ಕಾದ ಉಗುಳು ಕುಂಕುಮವಾಗುತ್ತದೆ. ಅದನ್ನು ಮೂಗು ಹೇಗೂ ಹೇಳುತ್ತದೆ. ಮೂಗಿಗೆ ತಿಳಿಯದ್ದು ಕಲೆಯ ವಯಸ್ಸು. ಎರಡು ತಾಸಿನ ಎಣ್ಣೆಗೂ ಎರಡು ದಿನದ ಎಣ್ಣೆಗೂ ಮಾಡುವ ಕೆಲಸ ಬೇರೆ. ಹಾಗಾಗಿ ಅವಳು ಕೇಳುವುದು ಒಂದೇ ಮಾತು: “ಯಾವ ಹೊತ್ತಿನಾಗ ಚೆಲ್ಲಿತ್ರಿ?” ಏನು ಎಂಬುದಕ್ಕೆ ಸುಳ್ಳು ಕಟ್ಟಿಕೊಂಡು ಬಂದವರು ಹೊತ್ತಿಗೆ ಕಟ್ಟಿಕೊಂಡು ಬಂದಿರುವುದಿಲ್ಲ. ನಿಜ ಹೇಳಿಬಿಡುತ್ತಾರೆ.

ಆ ಶನಿವಾರ ಅವಳಿಗೆ ಈ ಪ್ರಶ್ನೆ ಕೇಳುವ ಅವಕಾಶ ಮೊದಲು ಸಿಗಲಿಲ್ಲ. ಭಾವುಸಾಹೇಬ ಒಂದು ಮಶೀನು ತರಿಸಿದ್ದ. ಕೊಲ್ಲಾಪುರದ ಡೀಲರು ಒಂದು ವಾರ ನೋಡಿ ಎಂದು ಬಿಟ್ಟುಹೋದ, ಮೂತಿಯಿಂದ ನೊರೆನೀರು ಉಗುಳಿ ಅದನ್ನೇ ಮತ್ತೆ ಹೀರುವ ಕೆಂಪು ಡಬ್ಬಿ. ಅದನ್ನು ನಡೆಸಲು ತನ್ನ ಹೆಂಡತಿಯ ತಮ್ಮ ಭರತನನ್ನು ಕಾಗವಾಡದಿಂದ ಕರೆಸಿದ್ದ. ಭರತನಿಗೆ ಮೂವತ್ತೈದು ವರ್ಷ, ಎರಡು ತಾಸಿನ ತರಬೇತಿ ಮತ್ತು ಅದಕ್ಕೊಂದು ಪ್ರಮಾಣಪತ್ರ. ಮಶೀನಿನ ಪಕ್ಕದ ಗೋಡೆಗೆ ಭಾವುಸಾಹೇಬ ‘ಜರ್ಮನ್ ತಂತ್ರಜ್ಞಾನ’ ಎಂದು ಬರೆಸಿದ್ದ. ಡಬ್ಬಿಯ ಅಡಿಯಲ್ಲಿ ಬೇರೆ ದೇಶದ ಹೆಸರಿತ್ತು. ಅಡಿಯನ್ನು ಯಾರು ನೋಡುತ್ತಾರೆ?

ಶುಕ್ರವಾರ ಸಂಜೆಯೇ ಭಾವುಸಾಹೇಬ ಸುಂದರಾಳಿಗೆ ಹೇಳಿದ್ದ. “ಸುಂದರಾಕ್ಕ, ನಾಳಿಗಿ ಒಂದು ಗಾಡಿ ಮಶೀನ್‌ಲೆ ಮಾಡಿ ನೋಡೂಣು. ಚಂದ ಆತಂದ್ರ ಸೋಮವಾರದಿಂದ ಸೀಟೆಲ್ಲ ಭರತನ ಕಡೆ. ನೀ ಗಾಜು ಒರಸು. ಕೆಲಸ ಹಗರ ಆಗತೈತಿ ನಿನಗ.”

ಗಾಜು ಒರೆಸುವುದೆಂದರೆ ದಿನವಿಡೀ ಹೆದ್ದಾರಿಯ ಧೂಳಿನಲ್ಲಿ ಕೈ ಎತ್ತಿ ನಿಲ್ಲುವುದು. ಅದಾಗದಿದ್ದರೆ ಮತ್ತೆ ಬೀಡಿ, ಅದಕ್ಕೆ ಕಣ್ಣಿಲ್ಲ. ಅವಳು “ಆಗಲಿ ರಿ” ಎಂದು ಮನೆಗೆ ಹೋಗಿ, ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದ್ದಳು.

ಆ ಒಂದು ಗಾಡಿ ತಾತ್ಯಾಸಾಹೇಬರದಾಯಿತು. ಭಾವುಸಾಹೇಬನಿಗೆ ಇದಕ್ಕಿಂತ ದೊಡ್ಡ ಗಿರಾಕಿ ಸಿಗುತ್ತಿರಲಿಲ್ಲ. ಕಬ್ಬು, ತಂಬಾಕು, ಮನೆಯಲ್ಲಿ ಐದು ಗಾಡಿ. ಸಾಲದ್ದಕ್ಕೆ ಅಕ್ಕೋಳದ ಕೂಡುರಸ್ತೆಯಲ್ಲಿ ಆ ವಾರ ಅವರ ಆಳೆತ್ತರದ ಫೋಟೊ ನಿಂತಿತ್ತು. ಚಾತುರ್ಮಾಸದ ನಾಲ್ಕು ತಿಂಗಳು ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಮುಟ್ಟುವುದಿಲ್ಲ, ನೆಲದಡಿ ಬೆಳೆದ ಈರುಳ್ಳಿ ಬೆಳ್ಳುಳ್ಳಿ ಬಟಾಟೆ ಮುಟ್ಟುವುದಿಲ್ಲ ಎಂದು ಅವರು ವ್ರತ ಹಿಡಿದಿದ್ದರು. ಎಷ್ಟೋ ಮನೆಗಳಲ್ಲಿ ಹೆಂಗಸರು ಇದೇ ವ್ರತವನ್ನು ಫೋಟೊ ಇಲ್ಲದೆ ಮೂವತ್ತು ವರ್ಷದಿಂದ ಮಾಡುತ್ತಿದ್ದಾರೆ. ತಾತ್ಯಾಸಾಹೇಬರದು ಮೊದಲ ವರ್ಷವಾದ್ದರಿಂದ ಭಾನುವಾರ ಬೆಳಿಗ್ಗೆ ಸತ್ಕಾರವಿತ್ತು. ಅದಕ್ಕೆ ಮನೆಯ ಹೆಂಗಸರು ಇದೇ ಕಾರಿನ ಇದೇ ಹಿಂದಿನ ಸೀಟಿನಲ್ಲಿ ಕೂತು ಹೋಗಬೇಕಿತ್ತು.

“ಪವಿತ್ರ ನೀರು ಐತಿ, ಕಾಲು ತಾಕಿಸಬ್ಯಾಡ,” ಎಂದು ಭಾವುಸಾಹೇಬ ಭರತನನ್ನು ಗದರಿಸಿದ. “ಬರೇ ನೀರಿನ ಕಲೆ. ಒಂದ್ ಸುತ್ತು ಹೊಡಿ, ಸಾಕು.”

“ಮಾಲಕ್ರ, ಮೊದಲ ಎಣ್ಣಿ…” ಎಂದಳು ಸುಂದರಾ.

“ಗಂಧೋದಕದಾಗ ಎಣ್ಣಿ ಎಲ್ಲಿಂದ ಬರತೈತಿ?” ಎಂದರು ತಾತ್ಯಾಸಾಹೇಬರು, ಬಹಳ ಬೇಗ.

ಅವಳು ಕೆಳಗಿಳಿದು ಚಪ್ಪಲಿ ಹಾಕಿಕೊಂಡಳು. ಭರತ ಮಶೀನು ಶುರು ಮಾಡಿದ. ಅದರ ನೊರೆಯಲ್ಲಿ ಬಟ್ಟೆ ಸೋಡಾ ಜಾತಿಯ ಜೋರು ಕ್ಷಾರವಿತ್ತು. ಮಣ್ಣಿಗೆ ಅದು ಒಳ್ಳೆಯದೇ. ಮೂತಿ ಕಲೆಯ ಮೇಲೆ ಒಂದು ಸಲ ಹೋಯಿತು, ಎರಡು ಸಲ ಹೋಯಿತು. ಮೂರನೆಯ ಸಲ ಹೋಗುವಾಗ ಹಳದಿ ಕಲೆ ಕಿತ್ತಳೆಯಾಯಿತು. ನಾಲ್ಕನೆಯದಕ್ಕೆ ಕೆಂಪಾಯಿತು. ಭರತ ಹೆದರಿ ಇನ್ನಷ್ಟು ನೊರೆ ಬಿಟ್ಟ. ಸೀಟಿನ ಮೇಲೆ ಯಾರನ್ನೋ ಕೊಯ್ದಂತೆ ಕೆಂಪು ನೀರು ನಿಂತಿತು.

ಇರುವೆ ತುಳಿಯದ ವ್ರತಸ್ಥರ ಕಾರು ಬಾಗಿಲು ತೆರೆದುಕೊಂಡು ಹೆದ್ದಾರಿಗೆ ಮುಖ ಮಾಡಿ ನಿಂತಿತ್ತು. ದಾಟಿಹೋಗುತ್ತಿದ್ದ ಒಂದು ಮೋಟರ್‌ಸೈಕಲ್ ನಿಧಾನ ಮಾಡಿ, ನೋಡಿ, ಜೋರಾಗಿ ಹೋಯಿತು.

“ಮಾಲಕ್ರ,” ಎಂದಳು ಸುಂದರಾ, “ನಿಮ್ಮ ಮಶೀನು ತಾತ್ಯಾರಿಗೆ ಆರತಿ ಎತ್ತೈತಿ ನೋಡ್ರಿ.”

ಆರತಿಯ ತಟ್ಟೆಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಕೆಂಪು ಮಾಡುವುದು ಅಲ್ಲಿದ್ದ ಎಲ್ಲರ ಮನೆಯಲ್ಲೂ ನಡೆಯುತ್ತದೆ. ಸುಣ್ಣದ ಜಾಗದಲ್ಲಿ ಸೋಡಾ ಇದ್ದರೂ ಅರಿಶಿನ ಅದೇ ಬಣ್ಣ ತಿರುಗುತ್ತದೆ. ಮೂರು ಗಂಡಸರೂ ಆ ನೀರಿನ ಎದುರು ಎಷ್ಟೋ ಸಲ ಹಣೆಯೊಡ್ಡಿ ನಿಂತಿದ್ದರು. ತಟ್ಟೆಯಲ್ಲಿ ಏನಿದೆಯೆಂದು ಕೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

“ಲೇ ಭರತ, ಏನ್ ಮಾಡಿದಿ?” ಭಾವುಸಾಹೇಬ ಭಾವಮೈದುನನನ್ನು ಕೇಳಿದ.

“ಮಶೀನಿನ ಪುಸ್ತಕದಾಗ ಇಲ್ಲರಿ ಭಾವಾಜಿ ಇದು.”

“ಸುಂದರಾಬಾಯಿ,” ಎಂದರು ತಾತ್ಯಾಸಾಹೇಬರು. ಈಗ ಅವರು ಲಾರಿಗಳನ್ನು ನೋಡುತ್ತಿರಲಿಲ್ಲ. “ಏನರ ಮಾಡಬೇ. ನಾಳಿಗಿ ಕಾರ್ಯಕ್ರಮ ಐತಿ.”

ಅವಳು ಮತ್ತೆ ಚಪ್ಪಲಿ ಬಿಟ್ಟು ಒಳಗೆ ಹತ್ತಿದಳು. ಬೆರಳಿನಿಂದ ಕಲೆಯ ಅಂಚು ಒತ್ತಿ ನೋಡಿ, ಎಲ್ಲ ಗಿರಾಕಿಗಳಿಗೆ ಕೇಳುವುದನ್ನೇ ಕೇಳಿದಳು. “ತಾತ್ಯಾರ, ಯಾವ ಹೊತ್ತಿನಾಗ ಚೆಲ್ಲಿತ್ರಿ?”

“ಹೊತ್ತು ಮುಳುಗೂಕಿಂತ ಮೊದಲ!” ಎಂದರು ತಾತ್ಯಾಸಾಹೇಬರು.

ಅವಳು ತಿರುಗಿ ನೋಡಿದಳು. ಭರತನೂ ನೋಡಿದ.

“ಆರಕ್ಕ. ಆರೂ ಆಗಿರಲಿಲ್ಲ. ಬೆಳಕಿತ್ತು,” ಎಂದು ಅವರು ಇನ್ನೂ ಮೂರು ಮೊಳೆ ಹೊಡೆದರು.

“ನಾ ಯಾವ ದಿನ ಅಂತ ಕೇಳಿದ್ನಿರಿ. ಗಂಧೋದಕ ಚೆಲ್ಲಾಕ ಹೊತ್ತು ಮುಳುಗಿದ್ರೇನು, ಮೂಡಿದ್ರೇನು?”

“…ಗುರುವಾರ.”

“ಎರಡು ದಿನ ಆತು ಹಂಗಾರ. ಎಣ್ಣಿ ಒಳಗ ಇಳಿದೈತಿ.”

ಈ ಸಲ ಎಣ್ಣೆ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಹಿಂದಿನ ಸೀಟಿನಲ್ಲಿಯೇ ಯಾಕೆ ಚೆಲ್ಲಿತು ಎಂಬುದು ಕೂಡ ಸುಂದರಾಗೆ ಆಗ ಹೊಳೆಯಿತು. ಹಿಂದಿನ ಗಾಜಿಗೆ ಕರಿ ಪರದೆ ಇತ್ತು, ಮುಂದಿನದಕ್ಕೆ ಇರಲಿಲ್ಲ. ಅಷ್ಟು ಹೊಲ, ಅಷ್ಟು ದೊಡ್ಡ ಮನೆಯ ಒಡೆಯರು ರಸ್ತೆ ಪಕ್ಕ ಗಾಡಿ ನಿಲ್ಲಿಸಿ, ಪರದೆಯ ಹಿಂದೆ, ತೊಡೆಯ ಮೇಲೆ ಪ್ಲಾಸ್ಟಿಕ್ ಡಬ್ಬಿ ಇಟ್ಟುಕೊಂಡು, ಕತ್ತಲಲ್ಲಿ ಮಿಸಳದ ಕೆಂಪು ಎಣ್ಣೆಗೆ ಪಾವ್ ಬ್ರೆಡ್ ಅದ್ದಿ ತಿಂದದ್ದನ್ನು ಅವಳು ಕಣ್ಣಿಗೆ ತಂದುಕೊಂಡಳು. ನಗು ಬಂತು. ನಗಲು ಸಮಯವಿರಲಿಲ್ಲ.

ಮೊದಲು ಮಶೀನು ಬಿಟ್ಟ ನೀರು ತೆಗೆಯಬೇಕಿತ್ತು. ಹಳೆಯ ಧೋತರದ ಬಿಳಿ ತುಂಡುಗಳನ್ನು ಹರಡಿ, ಅಂಗೈ ಊರಿ, ಮೈಭಾರ ಬಿಟ್ಟು ಒತ್ತಿದಳು. ಹನ್ನೆರಡು ತುಂಡು ಒದ್ದೆಯಾದ ಮೇಲೆ ಹದಿಮೂರನೆಯದು ಒಣಗಿಯೇ ಬಂತು. ಆಮೇಲೆ ಒಂದು ಬಟ್ಟಲು ತಣ್ಣೀರಿಗೆ ಪಾತ್ರೆ ತೊಳೆಯುವ ದ್ರವದ ನಾಲ್ಕು ಹನಿ. ತಿಕ್ಕಲಿಲ್ಲ. ತಿಕ್ಕಿದರೆ ಬಟ್ಟೆಯ ನೂಲು ಎದ್ದು ಕಲೆ ಹೋದರೂ ಜಾಗ ಉಳಿಯುತ್ತದೆ. ಅಂಚಿನಿಂದ ನಡುವಿಗೆ ಒತ್ತಿ ಒತ್ತಿ ತೆಗೆದಳು, ಬಟ್ಟೆಗೆ ಎಣ್ಣೆ ಹತ್ತುವುದು ನಿಲ್ಲುವವರೆಗೂ. ಭರತ ಪಕ್ಕದಲ್ಲಿ ನಿಂತು ತುಂಡು ಕೊಡುತ್ತಿದ್ದ. ಪ್ರಮಾಣಪತ್ರ ಪಡೆದ ಮೇಲೆ ಅವನು ಕಲಿತ ಮೊದಲ ಕೆಲಸ ಅದು.

ಹನ್ನೆರಡರ ಸುಮಾರಿಗೆ ಲಿಂಬೆಹಣ್ಣು ತರಿಸಿದಳು. ನೀರು ಬೆರೆಸಿದ ಹುಳಿಯನ್ನು ಸೀಟಿನ ಕೆಳಗಿನ ಕಾಣದ ಮೂಲೆಗೆ ಹಚ್ಚಿ, ಬಟ್ಟೆಯ ಬಣ್ಣ ಬಿಡುವುದಿಲ್ಲವೆಂದು ನೋಡಿಕೊಂಡು, ಕಲೆಗೆ ಹಚ್ಚಿದಳು. ಕೆಂಪು ಅವರೆಲ್ಲರ ಕಣ್ಣೆದುರೇ ಹಿಂದಕ್ಕೆ ಸರಿದು ಹಳದಿಯಾಯಿತು. ಭಾವುಸಾಹೇಬ “ಆಹಾ” ಎಂದ.

“ಇನ್ನ ನನ್ನ ಕಡಿಂದ ಆಗೂದು ಮುಗೀತ್ರಿ,” ಎಂದಳು. “ಅರಿಷಿಣದ ಬಣ್ಣ ತಿನ್ನಾವ ಸೂರ್ಯಪ್ಪ. ಬಾಗಲಾ ತಗದು ಬಿಸಲಿಗೆ ಹಚ್ಚ್ರಿ. ಹೊತ್ತು ಮುಳುಗೂದರಾಗ ಆಗಬೇಕು.”

ತಾತ್ಯಾಸಾಹೇಬರು ಆಕಾಶ ನೋಡಿದರು. ಭಾದ್ರಪದದ ಮೋಡ ಕೊಲ್ಲಾಪುರದ ಕಡೆಯಿಂದ ರಜಾಯಿಯ ಹಾಗೆ ಹಾಸಿತ್ತು. ಎರಡು ತಿಂಗಳಿಂದ ಸೂರ್ಯ ಯಾವಾಗ ಹೋಗುತ್ತಾನೆಂದು ನೋಡುತ್ತಿದ್ದವರು ಅವತ್ತು ಅವನು ಬರಲೆಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾದರು. ಹತ್ತು ನಿಮಿಷ ಬಿಸಿಲು, ಅರ್ಧ ತಾಸು ಮೋಡ. ಬಿಸಿಲು ಜರುಗಿದ ಹಾಗೆ ಭರತ ಕಾರನ್ನು ತಳ್ಳಿ ತಿರುಗಿಸುತ್ತಿದ್ದ. ಅಷ್ಟರಲ್ಲಿ ಮನೆಯಿಂದ ಮೂರು ಸಲ ಫೋನ್ ಬಂತು. ಮೂರು ಸಲವೂ ತಾತ್ಯಾಸಾಹೇಬರು ತಂಬಾಕಿನ ಗೋದಾಮಿನಲ್ಲಿದ್ದರು.

ಮೂರು ಗಂಟೆಗೆ ಹಳದಿ ಅರ್ಧ ಇಳಿದಿತ್ತು. ಅವರು ಎದ್ದು ಭಾವುಸಾಹೇಬನನ್ನು ನೀರಿನ ಟಾಕಿಯ ಹಿಂದೆ ಕರೆದರು. ಟಾಕಿಯ ಈಚೆ ಸುಂದರಾ ಬಟ್ಟೆ ಹಿಂಡುತ್ತಿದ್ದಳು.

“ಮಶೀನು ಚಲೋ ಐತಿ ನಿಂದು. ಅಂವಗ ರೂಢಿ ಆದ್ರ ಎಲ್ಲ ಸರಿ ಆಗತೈತಿ. ಸೋಮವಾರದಿಂದ ಅದನ್ನ ಇಡು. ಈ ಬಾಯಿ ಬಾಳ ಕೇಳತಾಳ. ದೊಡ್ಡ ಮಂದಿ ಗಾಡಿ ಬರತಾವ ನಿನ್ನ ಕಡೆ.”

“ಹೌದ್ರಿ, ಹೌದ್ರಿ,” ಎಂದ ಭಾವುಸಾಹೇಬ. “ನಾನೂ ಅದನ್ನ ವಿಚಾರ ಮಾಡಾಕತ್ತಿದ್ದೆ.”

ಸುಂದರಾ ಬಟ್ಟೆಯನ್ನು ನೀರೆಲ್ಲ ಇಳಿದ ಮೇಲೂ ಹಿಂಡುತ್ತಲೇ ಇದ್ದಳು. ಅವಳು ಹೋಗಿ ಆ ಸೀಟಿಗೆ ಒಂದು ಚಿಟಿಕೆ ಸೋಡಾ ಒಗೆದಿದ್ದರೆ ಕೆಂಪು ಮತ್ತೆ ಎದ್ದು ಕೂರುತ್ತಿತ್ತು. ಸೋಡಾ ಡಬ್ಬಿ ಕೈಯಳತೆಯಲ್ಲೇ ಇತ್ತು. ಅವಳು ಒಗೆಯಲಿಲ್ಲ. ಐದು ವರ್ಷದಲ್ಲಿ ತನ್ನ ಕೈಯಿಂದ ಹೋದ ಸೀಟಿಗೆ ದೂರು ಹೇಳಿಸಿಕೊಂಡವಳಲ್ಲ.

ಮೂರೂವರೆಗೆ ಆಟೊದಿಂದ ಸುಗಂಧಾಬಾಯಿ ಇಳಿದರು. ತಾತ್ಯಾಸಾಹೇಬರ ಹೆಂಡತಿ. ಅಕ್ಕೋಳದ ಅರ್ಧ ಊರು ಈ ರಸ್ತೆಯಲ್ಲಿ ಓಡಾಡುತ್ತದೆ. ಬಾಗಿಲು ತೆರೆದು ನಿಂತ ಬಿಳಿ ಕಾರು ಯಾರಿಗೆ ಕಾಣದೆ ಇರುತ್ತದೆ?

“ಗೋದಾಮಿಗೆ ಬಾಗಲಾ ಇಲ್ಲೇನ್ರಿ, ಬಯಲಾಗ ಕುಂತೀರಿ?” ಎಂದು ಗಂಡನನ್ನು ಕೇಳಿ, ಉತ್ತರಕ್ಕೆ ನಿಲ್ಲದೆ ಕಾರಿನ ಕಡೆ ಹೋದರು. “ಏನ್ ಕಲೆ ಇದು?”

“ಗಂಧೋದಕ.”

ಸುಗಂಧಾಬಾಯಿ ಸೀಟಿನ ಮೇಲೆ ಬಗ್ಗಿದರು. ಸುಂದರಾ ಬೆಳಿಗ್ಗೆ ಬಗ್ಗಿದ್ದಷ್ಟೇ ಬಗ್ಗಿದರು. ಎದ್ದು ಕನ್ನಡಕ ಸರಿಮಾಡಿಕೊಂಡರು. “ಗಂಧೋದಕಕ್ಕ ಈಗ ಬಳ್ಳೊಳ್ಳಿ ಒಗ್ಗರಣಿ ಕೊಡತಾರೇನ್ರಿ ಬಸ್ತ್ಯಾಗ?”

ಭರತನಿಗೆ ಕೆಮ್ಮು ಬಂತು. ಭಾವುಸಾಹೇಬ ಅವನನ್ನು ನೀರು ಕುಡಿಯಲು ಕಳಿಸಿದ.

“ಬಾಯಿ, ಯಾವ ಹೊತ್ತಿನದು ಇದು?” ಸುಗಂಧಾಬಾಯಿ ಸುಂದರಾಳನ್ನು ಕೇಳಿದರು.

ತಾತ್ಯಾಸಾಹೇಬರು ಸುಂದರಾಳನ್ನು ನೋಡಿದರು. ಭಾವುಸಾಹೇಬನೂ ನೋಡಿದ. ಅವನ ಕಣ್ಣಿನಲ್ಲಿ ಸೋಮವಾರ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳಿಗೆ ಈಗ ಉಳಿಸಿಕೊಳ್ಳಲು ಏನೂ ಇರಲಿಲ್ಲ, ಆದ್ದರಿಂದ ಸುಳ್ಳು ಹೇಳುವ ತೊಂದರೆಯೂ ಇರಲಿಲ್ಲ.

“ನನಗೇನ್ ಗೊತ್ರಿ ವೈನಿ. ನಾ ‘ಯಾವ ಹೊತ್ತಿನಾಗ’ ಅಂದೆ. ಸಾಹೇಬ್ರು ‘ಹೊತ್ತು ಮುಳುಗೂಕಿಂತ ಮೊದಲ’ ಅಂದ್ರು. ಅಷ್ಟರಿ.”

ಸುಗಂಧಾಬಾಯಿ ಗಂಡನ ಕಡೆ ತಿರುಗಿದರು. ಸಿಟ್ಟಿನ ಮುಖ ಅಲ್ಲ. ಬಹಳ ದಿನದಿಂದ ತಪ್ಪುತ್ತಿದ್ದ ಲೆಕ್ಕ ಹೊಂದಿಕೊಂಡವರ ಮುಖ. “ಅದಕ್ಕಽ ಶುಕ್ರವಾರ ಮುಂಜಾನಿ ತನಕ ಹಸಿವಿಲ್ಲ ಅಂದ್ರಿ,” ಎಂದರು. “ನಾ ವ್ರತದ ಶಕ್ತಿ ಅಂತ ನೆರಿಮನಿ ತನಕ ಹೇಳಿ ಬಂದೀನಿ.”

“ಸುಗಂಧಾ, ನಾಕು ಮಂದ್ಯಾಗ…”

“ನಾಕು ಮಂದಿ ನಾಳಿಗಿ ಶಾಲು ಹೊದಿಸತಾರ. ಹೊದಿಸಿಕೊಳ್ರಿ. ನಾ ಏನರ ಅಂದ್ನೇನು?” ಅವರು ಭಾವುಸಾಹೇಬನ ಕಡೆ ತಿರುಗಿದರು. “ಈ ಬಾಯಿ ದಿನಾ ಇಲ್ಲೇ ಇರತಾಳೇನು?”

ಭಾವುಸಾಹೇಬ ಒಮ್ಮೆ ತಾತ್ಯಾಸಾಹೇಬರನ್ನು, ಒಮ್ಮೆ ಸುಗಂಧಾಬಾಯಿಯನ್ನು ನೋಡಿದ. ಐದು ಗಾಡಿಗಳ ಮನೆಯಲ್ಲಿ ಬೀಗದ ಕೈಗಳು ಯಾರ ಸೊಂಟದಲ್ಲಿವೆ ಎಂಬುದು ಅವನಿಗೆ ಕಾಣುತ್ತಿತ್ತು.

“ಇರತಾಳ್ರಿ ವೈನಿಯಾರ! ಸೀಟಿನ ಕೆಲಸ ಎಲ್ಲ ಸುಂದರಾಕ್ಕಂದ. ಮಶೀನು ಸುಮ್ಮ ನೋಡಾಕ ತರಿಸಿದ್ದೆ.”

“ಹಂಗಾರ ನಮ್ಮ ಐದೂ ಗಾಡಿ ಇಲ್ಲೇ ಬರಲಿ. ಸೀಟು ಈಕಿನ ನೋಡಬೇಕು. ನೋಡಿ ನನಗ 
ಹೇಳಬೇಕು.” ಅವರು ಚೀಲದಿಂದ ಫೋನ್ ತೆಗೆದರು. “ನಿನ್ನ ನಂಬರ್ ಹೇಳವಾ.”

ಸುಂದರಾ ಹೇಳಿದಳು. ತಾತ್ಯಾಸಾಹೇಬರು ಕಾರಿನ ಬಾಗಿಲಿಗೆ ಕೈಯೂರಿ ನಿಂತಿದ್ದರು. ಕಂಡವರ ಸೀಟಿನ ಗುಟ್ಟನ್ನು ಐದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡವಳು ಈಗ ಒಂದು ಮನೆಯ ಗುಟ್ಟನ್ನು ಸಂಬಳದ ಮೇಲೆ ಹೊರಗೆ ಹಾಕಬೇಕಾಗಿ ಬಂದಿತ್ತು. ಅವಳಿಗೆ ಅದು ಅಷ್ಟೇನೂ ಚುಚ್ಚಲಿಲ್ಲ. ಗಾಜು ಒರೆಸುವುದಕ್ಕಿಂತ ಇದು ನೆರಳಿನ ಕೆಲಸ.

ನಾಲ್ಕೂಕಾಲಿಗೆ ಮೋಡ ಒಡೆದು ಒಂದು ತಾಸು ಗಟ್ಟಿ ಬಿಸಿಲು ಬಿತ್ತು. ಐದೂವರೆಗೆ ಸೀಟು ಬೂದು ಬಣ್ಣದ್ದಾಗಿತ್ತು. ಭಾನುವಾರ ತಾತ್ಯಾಸಾಹೇಬರಿಗೆ ಸತ್ಕಾರವಾಯಿತು. ಸುಗಂಧಾಬಾಯಿ ಮುಂದಿನ ಸಾಲಿನಲ್ಲಿ ಕೂತು ಉಳಿದವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದರು.

ಸೋಮವಾರ ಭರತ ಮಶೀನನ್ನು ಕೊಲ್ಲಾಪುರಕ್ಕೆ ವಾಪಸು ಕೊಟ್ಟು ಬಂದು ಗಾಜು ಒರೆಸಲು ನಿಂತ. ಅಕ್ಕೋಳದ ಆ ಐದು ಗಾಡಿಗಳು ಈಗ ಹದಿನೈದು ದಿನಕ್ಕೊಮ್ಮೆ ಬರುತ್ತವೆ. ಸೀಟು ಒಣಗಿದ ಮೇಲೆ ಸುಂದರಾ ಸುಗಂಧಾಬಾಯಿಗೆ ಫೋನ್ ಮಾಡುತ್ತಾಳೆ.